ಹುಲಿಗೆಮ್ಮನ ಜೊತೆ ಹಾಲೆಂಡಿಗೆ, ಹೃದಯದ ನಕ್ಷೆ ತೆಗೆಸಲು

ಬಳ್ಳಾರಿ

ಹುಲಿಗೆಮ್ಮ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಇಳಿದಾಗ ಅವಳ ಎರಡೂ ಕಿವಿಯಲ್ಲಿ ಹತ್ತಿ ಇತ್ತು, ಕಂಕುಳಲ್ಲಿ ಒಂದು ಗಂಟು ಇತ್ತು. ಗಂಟಿನ ತುಂಬ ಜೋಳದ ಕಟಕ ರೊಟ್ಟಿ.

"ಹತ್ತು ದಿನಕ್ಕ ಇಷ್ಟು ರೊಟ್ಟಿ ಯಾಕ?" ಎಂದೆ.

"ಆ ದೇಶದಾಗ ಜ್ವಾಳ ಬೆಳಿತಾರೇನು? ಬೆಳಿತಾರಂದ್ರ ಹೇಳು, ಇಲ್ಲೇ ಯಾರಿಗಾರ ಕೊಟ್ಟು ಬರ್ತೀನಿ."

ಹುಲಿಗೆಮ್ಮ ನನ್ನ ತಂಗಿ. ನನಗಿಂತ ಆರು ವರ್ಷ ಚಿಕ್ಕವಳು. ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ಗಂಡ ಈರಣ್ಣನ ಜೊತೆ ಭತ್ತ ಬೆಳೆಯುತ್ತಾಳೆ. ನಾನು ಪಂಪಾವತಿ, ಕುರುಗೋಡಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಭೂಪಟದ ಮೇಲೆ ಕೋಲಿಟ್ಟು ಮಕ್ಕಳಿಗೆ ಎಷ್ಟೋ ದೇಶ ತೋರಿಸಿದ್ದೇನೆ, ಒಂದನ್ನೂ ಕಂಡವಳಲ್ಲ. ದಸರಾ ರಜೆಯಲ್ಲಿ ನಾವಿಬ್ಬರೂ ನೆದರ್‌ಲ್ಯಾಂಡ್ಸಿಗೆ, ನಮ್ಮ ಪುಸ್ತಕದ ಹಾಲೆಂಡಿಗೆ ಹೊರಟಿದ್ದೆವು. ಹೂವಿನ ತೋಟ ನೋಡುವುದಕ್ಕಲ್ಲ. ನಮ್ಮ ಹೃದಯದೊಳಗೆ ಹರಿಯುವ ವಿದ್ಯುತ್ತಿನ ನಕ್ಷೆ ತೆಗೆಯುತ್ತೇವೆಂದು ಅಲ್ಲಿಯ ಒಂದು ಆಸ್ಪತ್ರೆಯ ಸಂಶೋಧಕರು ಕರೆದಿದ್ದರು. ಟಿಕೆಟ್ಟನ್ನೂ ಅವರೇ ಕಳಿಸಿದ್ದರು.

ಅದು ಹೇಗೆ ಬಂತೆಂದು ಹೇಳಬೇಕು. ನನಗೆ ಹನ್ನೆರಡು ವರ್ಷವಿದ್ದಾಗ ನಮ್ಮವ್ವ ಹೊಲದಲ್ಲಿ ಕಳೆ ಕೀಳುತ್ತಿದ್ದವಳು ಗುಡುಗಿನ ಸಪ್ಪಳಕ್ಕೆ ಬಿದ್ದು ಮತ್ತೆ ಏಳಲಿಲ್ಲ. ಸಿಡಿಲು ಬಿದ್ದದ್ದು ಬಲು ದೂರದಲ್ಲಿ. "ಸಪ್ಪಳಕ್ಕ ಎದಿ ಒಡೀತು" ಎಂದು ಊರವರು ಹೇಳಿದರು, ನಾವು ನಂಬಿದೆವು. ಆಮೇಲೆ ಹುಲಿಗೆಮ್ಮ ಬೀಳತೊಡಗಿದಳು. ಸಾಲಿಯ ಗಂಟೆ ಹೊಡೆದಾಗ ಒಮ್ಮೆ, ಲಾರಿಯ ಹಾರ್ನಿಗೆ ಒಮ್ಮೆ. ಬಿದ್ದಾಗ ಕೈಗೆ ಬೀಗದ ಕೈ ಕೊಡುತ್ತಿದ್ದರು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದರು. ತಾಯಿತ ಕಟ್ಟಿದ್ದಾಯಿತು. ಆಮೇಲೆ ಫಿಟ್ಸ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿಸಿದ್ದಾಯಿತು. ಮೂರು ವರ್ಷದ ಹಿಂದೆ ಕುರುಗೋಡಿನಲ್ಲಿ ಒಂದು ಮದುವೆಯಲ್ಲಿ ಪಟಾಕಿ ಸಿಡಿದು ಅವಳು ಬಿದ್ದಾಗ, ಕಾರು ಮಾಡಿಕೊಂಡು ನೇರ ಬಳ್ಳಾರಿಯ ಗಾಂಧಿನಗರದ ಒಬ್ಬ ಹೃದಯದ ಡಾಕ್ಟರ ಹತ್ತಿರ ಹೋದೆವು. ಅವರು ಇಸಿಜಿ ಕಾಗದದ ಮೇಲೆ ಸ್ಕೇಲ್ ಇಟ್ಟು ಅಳೆದು, "ಇದು ತಲೆಯ ರೋಗ ಅಲ್ಲಮ್ಮ. ಇಷ್ಟು ದಿನ ತಪ್ಪು ಮಾತ್ರೆ ನುಂಗಿದ್ದೀರಿ" ಎಂದರು.

ರೋಗದ ಹೆಸರು ಲಾಂಗ್ ಕ್ಯೂಟಿ. ಹೃದಯ ಒಂದು ಬಡಿತ ಬಡಿದ ಮೇಲೆ ಮುಂದಿನ ಬಡಿತಕ್ಕೆ ತನ್ನ ವಿದ್ಯುತ್ತನ್ನು ಮತ್ತೆ ತುಂಬಿಕೊಳ್ಳಬೇಕಂತೆ. ನಮ್ಮಲ್ಲಿ ಅದು ನಿಧಾನ. ಆ ಹೊತ್ತಿನಲ್ಲಿ ಥಟ್ಟನೆ ಸಪ್ಪಳವಾಗಿ ಎದೆ ಧಸಕ್ಕೆಂದರೆ ಲಯ ತಪ್ಪಿ, ರಕ್ತ ತಲೆಗೆ ಹೋಗದೆ ಮನುಷ್ಯ ಬೀಳುತ್ತಾನೆ. ತಾನಾಗಿ ಸರಿಹೋದರೆ ಏಳುತ್ತಾನೆ, ಇಲ್ಲದಿದ್ದರೆ ಇಲ್ಲ. ಹೆತ್ತವರಿಂದ ಮಕ್ಕಳಿಗೆ ಬರುತ್ತದೆ, ನಮಗೆ ಬಂದದ್ದು ಅವ್ವನಿಂದ. ರಕ್ತ ಪರೀಕ್ಷೆ ಮಾಡಿಸಿದರು. ಹುಲಿಗೆಮ್ಮನಿಗೆ ಇತ್ತು. ನನಗೂ ಇತ್ತು.

ಆದರೆ ನಾನು ಒಮ್ಮೆಯೂ ಬಿದ್ದವಳಲ್ಲ. ಡಾಕ್ಟರು ಇಬ್ಬರಿಗೂ ದಿನಕ್ಕೆ ಎರಡು ಮಾತ್ರೆ ಬರೆದುಕೊಟ್ಟರು, ಬೇರೆ ರೋಗಕ್ಕೆ ತೆಗೆದುಕೊಳ್ಳಬಾರದ ಔಷಧಿಗಳ ಒಂದು ಪಟ್ಟಿಯನ್ನೂ ಕೊಟ್ಟರು. ಹುಲಿಗೆಮ್ಮ ಆ ಪಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಪರ್ಸಿನಲ್ಲಿ ಇಟ್ಟುಕೊಂಡಳು. ಅವಳಿಗೆ ಓದು ಅಷ್ಟಕ್ಕಷ್ಟೇ, ಮೆಡಿಕಲ್ ಸ್ಟೋರಿನವನ ಮುಂದೆ ಪಟ್ಟಿ ಹಿಡಿದು, "ಇದ್ರಾಗಿಲ್ಲಂತ ನೋಡಿ ಕೊಡಪ್ಪ" ಎನ್ನುತ್ತಿದ್ದಳು. ನನ್ನ ಪಟ್ಟಿ ಯಾವುದೋ ಉತ್ತರಪತ್ರಿಕೆಗಳ ಕಟ್ಟಿನೊಳಗೆ ಸೇರಿಹೋಯಿತು. ಮಾತ್ರೆ ಒಂದು ತಿಂಗಳು ನುಂಗಿದೆ. ಸುಸ್ತಾಗುತ್ತದೆಂದು ಬಿಟ್ಟೆ. ಹುಲಿಗೆಮ್ಮನ ಮಗಳು ಗೌರಿಗೆ ಪರೀಕ್ಷೆ ಮಾಡಿಸಿ ಇಲ್ಲವೆಂದು ತಿಳಿದಾಗ, ನಮ್ಮ ಮನೆಯವರು, "ಚೈತ್ರಾಗೂ ಮಾಡ್ಸೋಣ" ಎಂದರು. ಚೈತ್ರಾ ನಮ್ಮ ಮಗಳು, ಹದಿನಾರು ವರ್ಷ, ತಾಲ್ಲೂಕಿನ ಖೋಖೋ ತಂಡದಲ್ಲಿ ಆಡುತ್ತಾಳೆ. "ನನಗೇ ಏನೂ ಆಗಿಲ್ಲ, ಆಡೋ ಹುಡುಗಿಗೆ ಯಾಕ ಹೆದರಿಕಿ ಹಚ್ತೀರಿ" ಎಂದು ನಾನೇ ಬಾಯಿ ಮುಚ್ಚಿಸಿದೆ.

ನಮ್ಮಿಬ್ಬರ ವಿಷಯವನ್ನು ಗಾಂಧಿನಗರದ ಡಾಕ್ಟರೇ ಹಾಲೆಂಡಿನ ಸಂಶೋಧಕರಿಗೆ ಬರೆದು ತಿಳಿಸಿದ್ದರು. ಅವರಿಗೆ ಬೇಕಾದದ್ದು ಇಂಥದೇ ಜೋಡಿ. ಒಂದೇ ತಾಯಿಯ ಮಕ್ಕಳು, ಒಂದೇ ದೋಷ, ಒಬ್ಬಳು ಬೀಳುತ್ತಾಳೆ, ಇನ್ನೊಬ್ಬಳು ಬೀಳುವುದಿಲ್ಲ. ಯಾಕೆ?

ವಿಮಾನದಲ್ಲಿ

ಬೆಂಗಳೂರಿನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಅಧಿಕಾರಿ ಕಾಗದಗಳನ್ನು ತಿರುವಿ, "ಪೇಷಂಟ್ ಯಾರು?" ಎಂದು ಕೇಳಿದ. ನಾನು ತಂಗಿಯ ಕಡೆ ಕೈ ಮಾಡಿದೆ. ಅವಳು ಅವನಿಗೆ ನಮಸ್ಕಾರ ಮಾಡಿದಳು.

ಹುಲಿಗೆಮ್ಮ ಕಿಟಕಿಯ ಪಕ್ಕ ಕುಳಿತು ಬೆಲ್ಟಿನ ಕೊಂಡಿಯನ್ನು ನಾಲ್ಕು ಸಲ ಬಿಚ್ಚಿ ಹಾಕಿ ಕಲಿತಳು. ವಿಮಾನ ಮೇಲೆ ಏಳುವಾಗ ಹೆದರುತ್ತಾಳೆಂದು ಅವಳ ಕೈ ಹಿಡಿದೆ. "ಟ್ರ್ಯಾಕ್ಟರ್ ಸಪ್ಪಳ ಇದ್ದಂಗ ಐತಿ. ಒಂದ ಸಮ ಇದ್ರ ನನಗೇನಾಗಲ್ಲಕ್ಕ, ಥಟ್ಟಂತ ಬಂದ್ರ ಮಾತ್ರ" ಎಂದು ಕೈ ಬಿಡಿಸಿಕೊಂಡಳು.

ನಡುದಾರಿಯಲ್ಲಿ ವಾಂತಿ ಶುರುವಾದದ್ದು ನನಗೆ. ಊಟದ ಡಬ್ಬಿ ತೆರೆದು, ಆ ಬೆಣ್ಣೆಯ ವಾಸನೆ ತಾಳದೆ ಮುಚ್ಚಿಟ್ಟೆ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ವಾಂತಿ ನಿಲ್ಲಲು ನಾನು ಸದಾ ಒಂದು ಶೀಟು ಮಾತ್ರೆ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತೇನೆ. ಅದನ್ನೇ ಒಂದು ನುಂಗಿದೆ.

"ಅಕ್ಕಾ, ಆ ಮಾತ್ರಿ ಪಟ್ಟಿಯಾಗ ಐತೇನು ನೋಡಿದಿ?"

"ಅದು ನಿನಗ ಕೊಟ್ಟ ಪಟ್ಟಿ. ಸುಮ್ನಿರು" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. ಅಕ್ಕನ ಮಾತಿಗೆ ಎದುರಾಡದಿರುವುದು ಅವಳಿಗೆ ಚಿಕ್ಕಂದಿನಿಂದ ರೂಢಿ.

ಭಾನುವಾರ

ಆ್ಯಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಒಂದು ತಾಸಿನ ದೂರದ ಊರು. ಊರಿನ ಮತ್ತು ಆಸ್ಪತ್ರೆಯ ಹೆಸರು ಬರೆಯಬಾರದೆಂದು ಕರಾರಿನಲ್ಲಿ ಸಹಿ ಮಾಡಿದ್ದೇನೆ, ಆದ್ದರಿಂದ ಬರೆಯುವುದಿಲ್ಲ. ನಿಲ್ದಾಣಕ್ಕೆ ನಮ್ಮನ್ನು ಕರೆಯಲು ಬಂದಿದ್ದವಳು ನರ್ಸ್ ರಾಧಾ. ನೋಡಲು ನಮ್ಮ ಸಿರುಗುಪ್ಪದ ಬಜಾರಿನಲ್ಲಿ ಎದುರಾಗುವ ಯಾವುದೋ ಹೆಂಗಸಿನಂತೆ ಇದ್ದಳು. ಅವಳ ಮುತ್ತಜ್ಜನ ಅಪ್ಪ ಬಿಹಾರದ ಕಡೆಯಿಂದ ಹಡಗು ಹತ್ತಿ ಸುರಿನಾಮ್ ಎಂಬ ದೇಶಕ್ಕೆ ಕಬ್ಬಿನ ಕೂಲಿಗೆ ಹೋದವನಂತೆ. ಅವಳಿಗೆ ಇಂಡಿಯಾ ಗೊತ್ತಿಲ್ಲ, ಹಿಂದಿಯಂಥ ಒಂದು ಮನೆಮಾತು ಗೊತ್ತು. ನಮಗೆ ಹಿಂದಿ ಬರದು, ಬಳ್ಳಾರಿಯ ಉರ್ದು ಬರುತ್ತದೆ. ಎರಡನ್ನೂ ಕಲಸಿಕೊಂಡು ಹತ್ತು ದಿನ ದೂಡಿದೆವು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ.

ನಿಲ್ದಾಣದ ಹೊರಗೆ ಬಂದು ಹುಲಿಗೆಮ್ಮ ನಿಂತುಬಿಟ್ಟಳು. ಎದುರಿಗೆ ದೊಡ್ಡ ರಸ್ತೆ, ಬಸ್ಸು, ಕಾರು, ನೂರಾರು ಸೈಕಲ್ಲು. ಅವಳು ಒಂದು ಕಿವಿಯ ಹತ್ತಿ ತೆಗೆದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಇನ್ನೊಂದು ಕಿವಿಯದನ್ನೂ ತೆಗೆದಳು.

"ಅಕ್ಕಾ, ಇಲ್ಲಿ ಹಾರ್ನ್ ಯಾರೂ ಹೊಡಿಯಂಗಿಲ್ಲೇನು?"

ನಿಜವಾಗಿಯೂ ಯಾರೂ ಹೊಡೆಯುತ್ತಿರಲಿಲ್ಲ. ನಮ್ಮಲ್ಲಿ ಹಾರ್ನ್ ಹೊಡೆಯುವುದು ಬೈಗುಳವಲ್ಲ, "ನಾ ಬಂದೀನಿ" ಎಂದು ತಿಳಿಸುವುದು. ಅಲ್ಲಿ ಹೊಡೆದರೆ ಜಗಳಕ್ಕೆ ಕರೆದಂತೆ ಎಂದು ರಾಧಾ ಹೇಳಿದಳು. ಸೈಕಲ್ಲಿನವರ ಬೆಲ್ಲು ಮಾತ್ರ ಅಪಾಯ. ಅವರ ದಾರಿಯಲ್ಲಿ ನಾವು ನಡೆಯುತ್ತಿದ್ದೆವು, ಗೊತ್ತಿರಲಿಲ್ಲ. ಒಬ್ಬ ಮುದುಕಿ ಬೆಲ್ಲು ಹೊಡೆದು, ಸೈಕಲ್ಲು ನಿಲ್ಲಿಸಿ, ಇದು ನಡೆಯುವ ಜಾಗವಲ್ಲ ಎಂದು ಪಾಠ ಹೇಳಿ ಹೋದಳು. ಕೋಪವಿರಲಿಲ್ಲ, ನಗುವೂ ಇರಲಿಲ್ಲ. ಅಲ್ಲಿಯ ಜನ ಹೇಳುವುದನ್ನು ಹಾಗೇ ಹೇಳಿಬಿಡುತ್ತಾರೆ.

ರೋಗಿಗಳ ಕಡೆಯವರಿಗೆಂದು ಆಸ್ಪತ್ರೆಯ ಹತ್ತಿರ ಒಂದು ಮನೆ ಇದೆ, ಅಲ್ಲಿ ಇಳಿಸಿದರು. ಮೆಟ್ಟಿಲು ಏಣಿಯಷ್ಟು ಕಡಿದು. ಬೀದಿಗೆ ಮುಖವಾದ ಕೋಣೆಯ ಕಿಟಕಿಗೆ ರಾತ್ರಿಯೂ ಪರದೆ ಎಳೆಯುವುದಿಲ್ಲ, ಬೀದಿಯಲ್ಲಿ ಹೋಗುವವರಿಗೆಲ್ಲ ಒಳಗಿನ ಮಂದಿ ಕಾಣುತ್ತಾರೆ. ಶೌಚದ ಗೋಡೆಗೆ ಒಂದು ಕ್ಯಾಲೆಂಡರು, ಅದರಲ್ಲಿ ಆ ಮನೆ ನೋಡಿಕೊಳ್ಳುವವರ ಬಂಧುಬಳಗದ ಹುಟ್ಟಿದ ದಿನಗಳು. ಮರೆಯಬಾರದ್ದನ್ನು ದಿನಾ ತಪ್ಪದೆ ಹೋಗುವ ಜಾಗದಲ್ಲಿ ಬರೆದಿಡುತ್ತಾರಂತೆ. "ಶಾಣ್ಯಾರು" ಎಂದಳು ಹುಲಿಗೆಮ್ಮ.

ಅಡುಗೆಮನೆಯ ಚಾವಣಿಯಲ್ಲಿ ಒಂದು ಬಿಳಿ ಡಬ್ಬಿ ಇತ್ತು. ಹೊಗೆ ತಾಕಿದರೆ ಅದು ಕೂಗಿಕೊಳ್ಳುತ್ತದೆ ಎಂದು ರಾಧಾ ತೋರಿಸಿದಳು. ಹುಲಿಗೆಮ್ಮ ಆ ಡಬ್ಬಿಯನ್ನೊಮ್ಮೆ, ತಾನು ತಂದ ಒಣಮೆಣಸಿನಕಾಯಿಯನ್ನೊಮ್ಮೆ ನೋಡಿ, "ಒಗ್ಗರಣಿ ಬ್ಯಾಡಕ್ಕ. ರೊಟ್ಟಿ, ಶೇಂಗಾ ಚಟ್ನಿ ತಿನ್ನಣು" ಎಂದಳು. ಅಂಗಡಿಯಲ್ಲಿ ಮಜ್ಜಿಗೆ ಸಿಕ್ಕಿತು, ನಮ್ಮದರಂತೆಯೇ ಹುಳಿ. ಆ ಮನೆಯಲ್ಲಿದ್ದ ಒಬ್ಬ ಎತ್ತರದ ಮುದುಕ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಚಾಕೊಲೇಟಿನ ಕಾಳು ಉದುರಿಸಿ, ಗಂಭೀರವಾಗಿ ತಿನ್ನುತ್ತಿದ್ದ. ಹುಲಿಗೆಮ್ಮ ಅವನಿಗೆ ಅರ್ಧ ರೊಟ್ಟಿ ಕೊಟ್ಟಳು. ಅವನು ಅದಕ್ಕೂ ಚಾಕೊಲೇಟಿನ ಕಾಳು ಹಾಕಿಕೊಂಡ.

ನಾನು ಏನೂ ತಿನ್ನಲಿಲ್ಲ. ಇನ್ನೂ ವಾಂತಿ ಬಂದಂತೆ ಆಗುತ್ತಿತ್ತು. ಇನ್ನೊಂದು ಮಾತ್ರೆ ನುಂಗಿದೆ.

ಸೋಮವಾರ

ಬೆಳಿಗ್ಗೆ ಆಸ್ಪತ್ರೆಯಲ್ಲಿ ಇಬ್ಬರ ರಕ್ತ ತೆಗೆದರು. ನನ್ನ ಎದೆಗೆ ಬಿಲ್ಲೆಗಳನ್ನು ಅಂಟಿಸಿ, ಒಂದು ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ ಸಿಕ್ಕಿಸಿದರು. ಒಂದು ದಿನವಿಡೀ ಬಡಿತ ಬರೆದುಕೊಳ್ಳುತ್ತದೆಯಂತೆ. ಹುಲಿಗೆಮ್ಮನಿಗೂ ಹಾಗೆಯೇ. ಒಂದು ಅರ್ಜಿಯಲ್ಲಿ ಈ ವಾರ ತೆಗೆದುಕೊಂಡ ಔಷಧಿ ಯಾವುವು ಎಂಬ ಪ್ರಶ್ನೆ ಇತ್ತು. ಹುಲಿಗೆಮ್ಮನದನ್ನು ನಾನೇ ತುಂಬಿದೆ, ಮಾತ್ರೆಯ ಹೆಸರು, ಹೊತ್ತು, ಎಲ್ಲ. ನನ್ನದರಲ್ಲಿ ಯಾವುದೂ ಇಲ್ಲ ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆಂದು ಅನ್ನಿಸಲೂ ಇಲ್ಲ. ವಾಂತಿಯ ಮಾತ್ರೆಯನ್ನು ಯಾರು ಔಷಧಿಯ ಲೆಕ್ಕಕ್ಕೆ ಹಿಡಿಯುತ್ತಾರೆ? ಅದನ್ನು ಬೆಳಿಗ್ಗೆಯೂ ಒಂದು ನುಂಗಿದ್ದೆ.

ಹೊರಡುವಾಗ ರಾಧಾ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದಳು: "ಇವತ್ತು ತಿಂಗಳ ಮೊದಲ ಸೋಮವಾರ. ಹನ್ನೆರಡಕ್ಕೆ ಸರಿಯಾಗಿ ಇಡೀ ದೇಶದಲ್ಲಿ ಅಪಾಯದ ಸೈರನ್ ಹಾಕಿ ಪರೀಕ್ಷೆ ಮಾಡುತ್ತಾರೆ. ಹೆದರಬೇಡಿ. ಅಷ್ಟರೊಳಗೆ ಮನೆಯೊಳಗಿರಿ." ಕಿವಿಗೆ ಹಾಕುವ ಮೆತ್ತನೆಯ ಬಿರಡೆಗಳನ್ನು ಎರಡು ಜೊತೆ ಕೊಟ್ಟಳು. ನಾನು ಎರಡನ್ನೂ ಹುಲಿಗೆಮ್ಮನ ಪರ್ಸಿಗೆ ಹಾಕಿದೆ.

ದಾರಿ ಹತ್ತು ನಿಮಿಷದ್ದು. ಆದರೆ ಆ ಊರಿನ ಬೀದಿಗಳೆಲ್ಲ ಅಣ್ಣತಮ್ಮಂದಿರಂತೆ ಒಂದೇ ಥರ, ಅದೇ ಕೆಂಪು ಇಟ್ಟಿಗೆ, ಅದೇ ಕಾಲುವೆ, ಅದೇ ಸೇತುವೆ. ಯಾರನ್ನಾದರೂ ಕೇಳೋಣ ಎಂದಳು ಹುಲಿಗೆಮ್ಮ. ಭೂಗೋಳ ಪಾಠ ಮಾಡುವವಳು ದಾರಿ ಕೇಳುವುದೇ? ನಡೆದೇ ನಡೆದೆವು. ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಅವಳು ಬಿರಡೆ ಹಾಕಿಕೊಂಡು, ಇನ್ನೊಂದು ಜೊತೆಯನ್ನು ನನ್ನ ಮುಂದೆ ಹಿಡಿದಳು. "ನನಗ್ಯಾಕ?" ಎಂದೆ.

ಸೈರನ್ ಇದ್ದ ಕಂಬ ನಮ್ಮ ತಲೆಯ ಮೇಲೆಯೇ ಇತ್ತೆಂದು ತಿಳಿದದ್ದು ಅದು ಕೂಗಿದಾಗ. ಅಂಥ ಸದ್ದನ್ನು ನಾನು ಕೇಳಿಯೇ ಇರಲಿಲ್ಲ. ತಂಗಿಯ ಎರಡೂ ಕಿವಿಗೆ ನನ್ನ ಅಂಗೈ ಒತ್ತಿ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಚೆನ್ನಾಗಿಯೇ ಇದ್ದಳು. ಅವಳ ಹಣೆಯ ಕುಂಕುಮ ಒಂದು ಎರಡಾಗಿ ಕಂಡದ್ದು ನೆನಪಿದೆ.

ಮುಂದಿನದನ್ನು ಹುಲಿಗೆಮ್ಮ ಹೇಳಿದಂತೆ ಬರೆಯುತ್ತೇನೆ.

"ನಿನ್ನ ಕೈ ನನ್ನ ಕಿವಿಮ್ಯಾಲಿಂದ ಜಾರಿತಕ್ಕ. ನನಗ ಗೊತ್ತಾತು. ಹಿಡಿಯಾಕ ಆಗಲಿಲ್ಲ, ನೀ ಸೈಕಲ್ ದಾರಿಗೆ ಬಿದ್ದಿ. ಕಣ್ಣು ಮ್ಯಾಲ, ಮಾರಿ ಬೆಳ್ಳಗ. ನಾ ಬಿದ್ದಾಗ ಹೆಂಗಿರ್ತೀನಿ ಅಂತ ನಾ ಯಾವತ್ತೂ ನೋಡಿಲ್ಲಲ್ಲ, ಅವತ್ತು ನೋಡಿದ್ನಿ. ಒಬ್ಬಾಕಿ ಸೈಕಲ್ ಮ್ಯಾಲ ಬರಾಕತ್ತಿದ್ದಳು. 'ಏಯ್ ಯವ್ವಾ, ನಿಂದ್ರವ್ವಾ, ನಮ್ಮಕ್ಕ ಬಿದ್ದಾಳ' ಅಂತ ಒದರಿದ್ನಿ. ಕನ್ನಡ ತಿಳಿತೇನೋ ಆಕಿಗೆ, ನಿಂತಳು, ಫೋನ್ ಹಚ್ಚಿದಳು. ನಿನ್ನ ಎದಿಮ್ಯಾಲ ಕೈ ಇಟ್ರ ಬಡಿತ ಸಿಗವಲ್ದು. ಒತ್ತಾಕಂತ ಎರಡೂ ಕೈ ಇಟ್ಟಿದ್ನಿ, ಅಷ್ಟರಾಗ ನೀ ಉಸುರು ಎಳದಿ. ಆ ಸೈರನ್ ಇನ್ನೂ ಕೂಗಾಕತ್ತಿತ್ತು."

ಕಣ್ಣು ಬಿಟ್ಟಾಗ ನನ್ನ ಮೇಲೆ ಯಾರದೋ ಕೋಟು ಇತ್ತು, ಸುತ್ತ ಐದಾರು ಸೈಕಲ್ಲು ನಿಂತಿದ್ದವು. ನಮ್ಮಲ್ಲಾಗಿದ್ದರೆ ಐವತ್ತು ಜನ, ಐವತ್ತು ಸಲಹೆ, ಒಂದು ಉಳ್ಳಾಗಡ್ಡಿ. ಅಲ್ಲಿ ಐದಾರು ಮಂದಿ, ಪೂರ್ಣ ಮೌನ. ಆಂಬ್ಯುಲೆನ್ಸ್ ಬರುವವರೆಗೂ ಒಬ್ಬರೂ ಕದಲಲಿಲ್ಲ.

ಮಂಗಳವಾರ, ಹಾಸಿಗೆಯಲ್ಲಿ

ನಕ್ಷೆ ತೆಗೆಸಲು ಬಂದ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿದೆ. ಕೈಗೆ ಸೂಜಿ, ಮೇಲೆ ಬಾಟಲಿ. ಸಂಶೋಧನೆಯ ಮುಖ್ಯಸ್ಥೆಯಾದ ಡಾಕ್ಟರು ಬಂದರು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು, ನರೆಗೂದಲು, ಕಾಲಿಗೆ ಓಡುವ ಬೂಟು. ರಾಧಾಳನ್ನು ಜೊತೆಗೆ ಕರೆತಂದಿದ್ದರು. ನನ್ನ ಎದೆಯ ಯಂತ್ರ ಎಲ್ಲವನ್ನೂ ಬರೆದುಕೊಂಡಿತ್ತು. ಒಂದು ಕಾಗದ ಬಿಡಿಸಿ ತೋರಿಸಿದರು. ಶಾಂತವಾಗಿ ಸಾಗಿದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಹುರಿ ಹಾಕಿದ ಹಗ್ಗದ ಹಾಗೆ ಹೊರಳಾಡಿತ್ತು. ಇಷ್ಟು ಹೊತ್ತು ನಿಮ್ಮ ಹೃದಯ ರಕ್ತ ದೂಡಿಲ್ಲ ಎಂದು ಬೆರಳಿನಿಂದ ಅಳೆದು ತೋರಿಸಿದರು. ಆಮೇಲೆ ಅದು ತಾನಾಗಿ ಸರಿಹೋಗಿತ್ತು.

"ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಿದೆ. ವಾಂತಿಯಾಗಿ, ಉಣ್ಣದೆ ಇದ್ದರೆ ಹಾಗಾಗುತ್ತದೆ" ಎಂದರು. "ಆದರೆ ಅದೊಂದೇ ಸಾಲದು. ನೀವು ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ?"

"ಇಲ್ಲ" ಎಂದೆ.

ಹುಲಿಗೆಮ್ಮನಿಗೆ ಪ್ರಶ್ನೆ ಅರ್ಥವಾಗಿತ್ತು, ಉತ್ತರವೂ. ಅವಳು ಕುರ್ಚಿಯಿಂದ ಎದ್ದು, ನನ್ನ ಬ್ಯಾಗಿನ ಹೊರಜೇಬಿಗೆ ಕೈ ಹಾಕಿ, ಅರ್ಧ ಖಾಲಿಯಾದ ಮಾತ್ರೆಯ ಶೀಟು ತೆಗೆದು ಡಾಕ್ಟರ ಕೈಗೆ ಕೊಟ್ಟಳು. ಅದರ ಪಕ್ಕ ತನ್ನ ಪರ್ಸಿನ ಪ್ಲಾಸ್ಟಿಕ್ ಹೊದಿಸಿದ ಕಾಗದವನ್ನೂ ಇಟ್ಟಳು. ನನ್ನ ಮುಖ ನೋಡಲಿಲ್ಲ.

ಡಾಕ್ಟರು ಎರಡನ್ನೂ ನೋಡಿದರು. ಕಾಗದದ ಮೂರನೆಯ ಸಾಲಿನಲ್ಲಿ ಆ ಮಾತ್ರೆಯ ಹೆಸರಿತ್ತು. ಸಾಮಾನ್ಯರಿಗೆ ಏನೂ ಮಾಡದ ಆ ಮಾತ್ರೆ, ನಮ್ಮಂಥವರ ಹೃದಯ ತುಂಬಿಕೊಳ್ಳುವುದನ್ನು ಇನ್ನಷ್ಟು ನಿಧಾನ ಮಾಡುತ್ತದೆ. "ಈ ಪಟ್ಟಿಯನ್ನು ನಿಮಗೂ ಕೊಟ್ಟಿದ್ದರಲ್ಲವೇ?" ಎಂದು ಕೇಳಿದರು. ಆ ದೇಶದವರ ಪದ್ಧತಿಯಂತೆ ನೇರವಾಗಿ ಕೇಳಿದರು, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವರು ಹೋದ ಮೇಲೆ ತಂಗಿಗೆ, "ಎಲ್ಲಾರ ಮುಂದ ನನ್ನ ಮರ್ಯಾದಿ ತಗದಿ" ಎಂದೆ.

"ಸತ್ತಿದ್ರ ಏನ್ ಮಾಡ್ತಿದ್ದಿ ಮರ್ಯಾದಿ ಇಟ್ಕೊಂಡು?" ಎಂದಳು. ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಆಮೇಲೆ ಮಂಚದ ಅಂಚಿಗೆ ಬಂದು ಕುಳಿತಳು. "ಅವ್ವ ಬಿದ್ದಾಗ ನಾ ಸಣ್ಣಾಕಿ, ನನಗೇನೂ ನೆನಪಿಲ್ಲ. ನಿನ್ನಿ ಅವ್ವ ಬಿದ್ದಂಗ ಬಿದ್ದಿ ಅಂತ ತಿಳಕೋ. ಈಗ ಹೇಳು, ಚೈತ್ರಾಗ ಯಾವಾಗ ತೋರಿಸ್ತಿ?"

ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ಕುರುಗೋಡಿನಲ್ಲಿ ಆಗ ಸಂಜೆ. ಚೈತ್ರಾ ಮೈದಾನಕ್ಕೆ ಹೋಗಿದ್ದಾಳೆ ಎಂದರು ನಮ್ಮ ಮನೆಯವರು. "ಈಗ್ಲೇ ಹೋಗಿ ಕರ್ಕೊಂಡ್ ಬರ್ರಿ. ಓಡೋದು ಬ್ಯಾಡ. ನಾಳೆ ಗಾಂಧಿನಗರಕ್ಕ ಹೋಗಿ ಇಸಿಜಿ ತಗಸ್ರಿ" ಎಂದೆ. "ನೀನೇ ಬ್ಯಾಡ ಅಂದಿದ್ದಿ" ಎಂದರು. ನಂತರ, "ಆತು, ಹೊಂಟೆ" ಎಂದರು. ಗಾಡಿ ಶುರುವಾದ ಸದ್ದು ಫೋನಿನಲ್ಲಿ ಕೇಳಿಸಿತು.

ಮರುದಿನ ಗಾಂಧಿನಗರದ ಡಾಕ್ಟರು ರಜೆಯಲ್ಲಿದ್ದರು. ನಾವು ಊರಿಗೆ ಬರುವವರೆಗೂ ಕಾಯಬೇಕಾಯಿತು.

ಶುಕ್ರವಾರ

ನಾನು ಬಿದ್ದದ್ದರಿಂದ ಅವರ ಲೆಕ್ಕ ಕೆಟ್ಟಿತು. ಬೀಳದವಳ ಸಾಲಿನಿಂದ ನನ್ನ ಹೆಸರು ತೆಗೆದರು. ಆದರೂ ಬಂದದ್ದು ಬಂದಿದ್ದೀರಿ, ಒಪ್ಪಿದರೆ ನಕ್ಷೆ ತೆಗೆಯುತ್ತೇವೆ ಎಂದರು. ಒಪ್ಪಿದೆ.

ನಕ್ಷೆ ತೆಗೆಯಲು ಮೈ ಕೊಯ್ಯುವುದಿಲ್ಲ. ತೋಳಿಲ್ಲದ ಒಂದು ಅಂಗಿ, ಅದರ ಒಳಗೆಲ್ಲ ಇನ್ನೂರಕ್ಕೂ ಹೆಚ್ಚು ಬಿಲ್ಲೆಗಳು, ಎದೆಗೂ ಬೆನ್ನಿಗೂ ಅಂಟಿಕೊಳ್ಳುತ್ತವೆ. ಒಂದೊಂದರಿಂದ ಒಂದೊಂದು ತಂತಿ. ಹುಲಿಗೆಮ್ಮನಿಗೆ ತೊಡಿಸಿದಾಗ ಕೈ ಎತ್ತಿ ನಿಂತು, "ಭತ್ತದ ಸಸಿ ಹಚ್ಚಿದಂಗ ಹಚ್ಚ್ಯಾರಲ್ಲ" ಎಂದಳು. ತಂತಿಯ ಜೊತೆಗೇ ಸ್ಕ್ಯಾನಿನ ಸುರಂಗಕ್ಕೆ ಕಳಿಸಿದರು. ಸ್ಕ್ಯಾನ್ ಹೃದಯದ ಆಕಾರ ಹೇಳುತ್ತದೆ, ಅಂಗಿ ಚರ್ಮಕ್ಕೆ ಬಂದು ಮುಟ್ಟುವ ವಿದ್ಯುತ್ತನ್ನು ಹೇಳುತ್ತದೆ. ಎರಡನ್ನೂ ಕೂಡಿಸಿ, ಹೃದಯದ ಮೇಲೆ ಯಾವ ಜಾಗ ಯಾವಾಗ ಎದ್ದಿತು, ಯಾವಾಗ ಮತ್ತೆ ತುಂಬಿಕೊಂಡು ತಣಿಯಿತು ಎಂದು ಕಂಪ್ಯೂಟರ್ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಅಂಗಿ ಬಿಚ್ಚುವಾಗ ಮಾತ್ರ ಬಿಲ್ಲೆಗಳು ಚರ್ಮವನ್ನು ಬಿಡುವುದಿಲ್ಲ. ಇಬ್ಬರ ಬೆನ್ನಿನ ಮೇಲೂ ಕೆಂಪು ವರ್ತುಲಗಳು ಎರಡು ದಿನ ಇದ್ದವು.

ಮಧ್ಯಾಹ್ನ ಡಾಕ್ಟರು ನಮ್ಮನ್ನು ಪರದೆಯ ಮುಂದೆ ಕೂಡಿಸಿದರು. ಎರಡು ಹೃದಯಗಳು ಅಕ್ಕಪಕ್ಕ ನಿಧಾನವಾಗಿ ತಿರುಗುತ್ತಿದ್ದವು. ಬೇಗ ತಣಿಯುವ ಜಾಗ ಕೆಂಪು, ಆಮೇಲೆ ಹಳದಿ, ಹಸಿರು, ಎಲ್ಲಕ್ಕಿಂತ ತಡವಾದದ್ದು ನೀಲಿ. ತಡವಾಗುವುದೊಂದೇ ಅಪಾಯವಲ್ಲ ಎಂದರು. ಕೆಂಪಿನ ಪಕ್ಕಕ್ಕೇ ನೀಲಿ ಬಂದರೆ, ನಡುವೆ ಹಳದಿ ಹಸಿರಿಗೆ ಜಾಗವೇ ಇಲ್ಲದಿದ್ದರೆ, ಅಲ್ಲಿ ವಿದ್ಯುತ್ತು ಮುಂದೆ ಹೋಗಲಾರದೆ ಸುತ್ತು ಹಾಕತೊಡಗುತ್ತದೆ.

ರಾಧಾ ಇದನ್ನು ತನ್ನ ಭಾಷೆಯಲ್ಲಿ ಹೇಳಲು ಒದ್ದಾಡುತ್ತಿರುವಾಗ ಹುಲಿಗೆಮ್ಮ, "ತಿಳೀತು ಬಿಡು" ಎಂದಳು. "ಒಂದು ಮಡಿಯಾಗ ನೀರು ಇಂಗೈತಿ, ಮಗ್ಗುಲ ಮಡಿಯಾಗ ಇನ್ನೂ ತುಂಬಿ ನಿಂತೈತಿ. ನಡುವ ಬದು ಸಣ್ಣದು. ಒಡೀತೈತಿ." ಇದನ್ನು ನಾನು ಉರ್ದುವಿಗೆ, ರಾಧಾ ಡಚ್ಚಿಗೆ ತಿರುಗಿಸಿದೆವು. ಡಾಕ್ಟರು ತಲೆಯಾಡಿಸಿ ಅದನ್ನು ಬರೆದುಕೊಂಡರು.

ಎಡಗಡೆಯ ಹೃದಯದಲ್ಲಿ ನೀಲಿಯ ತುಂಡು ದೊಡ್ಡದಾಗಿತ್ತು, ಕೆಂಪಿಗೆ ಅಂಟಿಕೊಂಡೇ ಇತ್ತು. ಅದು ತಂಗಿಯದೆಂದುಕೊಂಡು ಅವಳ ಬೆನ್ನ ಮೇಲೆ ಕೈ ಇಟ್ಟೆ.

"ಅದು ನಿಮ್ಮದು" ಎಂದರು ಡಾಕ್ಟರು.

ಇಬ್ಬರ ಚಿತ್ರದಲ್ಲಿಯೂ ಆ ಬದು ಸಣ್ಣದೇ, ನನ್ನದರಲ್ಲಿ ಒಂದಿಷ್ಟು ಇನ್ನೂ ಸಣ್ಣದು. ಇಬ್ಬರನ್ನು ನೋಡಿ ಯಾವ ತೀರ್ಮಾನವೂ ಹೇಳಲಾಗದು, ಇನ್ನೂ ಬಹಳ ಮಂದಿಯನ್ನು ನೋಡಬೇಕು ಎಂದರು. ಹಾಗಾದರೆ ನಲವತ್ತಾರು ವರ್ಷ ನಾನು ಯಾಕೆ ಬೀಳಲಿಲ್ಲ ಎಂದು ಕೇಳಿದೆ.

"ಗೊತ್ತಿಲ್ಲ. ಅದೃಷ್ಟ ಇರಬಹುದು" ಎಂದರು. ಗೊತ್ತಿಲ್ಲವೆಂದು ಅಷ್ಟು ಸಲೀಸಾಗಿ ಹೇಳುವ ಡಾಕ್ಟರನ್ನು ನಾನು ಕಂಡಿರಲಿಲ್ಲ.

ನನ್ನಲ್ಲಿ ಗಟ್ಟಿತನವಿದೆ, ತಂಗಿಯಲ್ಲಿ ಇಲ್ಲ ಎಂದು ಇಷ್ಟು ವರ್ಷ ತಿಳಿದಿದ್ದೆ. ಅವಳ ಮದುವೆಯ ಮಾತುಕತೆಯಲ್ಲಿ, ಅವಳ ಹೆರಿಗೆಯಲ್ಲಿ, ಎಲ್ಲ ಕಡೆ ಅವಳ ಪರವಾಗಿ ನಾನೇ ಮಾತಾಡಿದ್ದೆ. ಪರದೆಯ ಮೇಲೆ ನನ್ನ ಹೃದಯ ತಿರುಗುತ್ತಲೇ ಇತ್ತು. ಆ ಸಂಜೆಯಿಂದ ನಾನೂ ಹುಲಿಗೆಮ್ಮನ ಜೊತೆಗೇ ಮಾತ್ರೆ ನುಂಗತೊಡಗಿದೆ. ಅವಳು ತನ್ನದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ನನ್ನದನ್ನು ಅಂಗೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು.

ಗಾಂಧಿನಗರ

ಬಳ್ಳಾರಿಗೆ ಬಂದಿಳಿದ ಮರುದಿನವೇ ಚೈತ್ರಾಳನ್ನು ಗಾಂಧಿನಗರದ ಡಾಕ್ಟರ ಹತ್ತಿರ ಕರೆದೊಯ್ದೆವು. ಹುಲಿಗೆಮ್ಮ ರಾರಾವಿಗೆ ಹೋಗದೆ ನಮ್ಮ ಜೊತೆ ಬಂದಳು. ಭತ್ತಕ್ಕೆ ನೀರು ಬಿಡುವ ಪಾಳಿ ಇತ್ತು, ಈರಣ್ಣನಿಗೆ ಫೋನ್ ಮಾಡಿ, "ನೀನ ನೋಡ್ಕೋ" ಎಂದಳು.

ಡಾಕ್ಟರು ಕಾಗದದ ಮೇಲೆ ಸ್ಕೇಲ್ ಇಟ್ಟರು. ಎರಡು ಸಲ ಅಳೆದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ರಕ್ತ ಪರೀಕ್ಷೆಯ ಫಲಿತ ಬರಲು ಇನ್ನೂ ದಿನ ಬೇಕು, ಆದರೆ ಮಾತ್ರೆ ಇವತ್ತಿನಿಂದಲೇ ಶುರುಮಾಡಿ, ಸದ್ಯಕ್ಕೆ ಆಟ ಬೇಡ, ಮುಂದೆ ನೋಡೋಣ ಎಂದರು.

ಚೈತ್ರಾ ಡಾಕ್ಟರ ಮುಂದೆ ಅಳಲಿಲ್ಲ. ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತಳು. ಮುಂದಿನ ತಿಂಗಳು ಜಿಲ್ಲಾ ಮಟ್ಟದ ಪಂದ್ಯ ಇತ್ತು. ನಾನು ಹತ್ತಿರ ಹೋದರೆ, "ನೀ ಮೊದ್ಲೇ ತೋರಿಸಿದ್ರ ಮಾತ್ರಿ ನುಂಗಿ ಇಷ್ಟೊತ್ತಿಗೆ ಆಡ್ತಿದ್ನೇನೋ" ಎಂದಳು. "ಹೌದು, ನನ್ನದೇ ತಪ್ಪು" ಎಂದೆ. ನಮ್ಮ ಮನೆಯವರು ಔಷಧಿ ತರುವ ನೆವದಲ್ಲಿ ಕೆಳಗೆ ಹೋದರು.

ಹುಲಿಗೆಮ್ಮ ಅವಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಸಮಾಧಾನದ ಮಾತೇನೂ ಆಡಲಿಲ್ಲ.

"ಇಲ್ಲಿ ನೋಡು. ಬೀಳೋ ಮುಂಚೆ ಒಂದ್ ಗಳಿಗಿ ಸಿಗತೈತಿ. ಎದಿ ಪಟಪಟ ಅಂತೈತಿ, ಕಣ್ಣಾಗ ಮಬ್ಬು ಬರತೈತಿ. ಆವಾಗ ಓಡಾಕ ಹೋಗಬ್ಯಾಡ, ಗ್ವಾಡಿ ಹಿಡಿಯಾಕ ಹೋಗಬ್ಯಾಡ. ಎಲ್ಲಿ ಇದ್ದಿ ಅಲ್ಲೇ ಕುಂದ್ರು. ಹಿಂಗ."

ಜನ ಓಡಾಡುವ ಆ ಮೊಸಾಯಿಕ್ ನೆಲದ ಮೇಲೆ ಹುಲಿಗೆಮ್ಮ ಕುಳಿತುಬಿಟ್ಟಳು. ಸೀರೆ ಸರಿಮಾಡಿಕೊಂಡು ಒಂದು ಮಗ್ಗುಲಾಗಿ ಮಲಗಿ ತೋರಿಸಿದಳು.

"ಚಿಕ್ಕವ್ವಾ, ಏಳು, ಎಲ್ಲಾರೂ ನೋಡಾಕತ್ತಾರ" ಎಂದಳು ಚೈತ್ರಾ.

"ನೋಡ್ಲಿ. ನೋಡ್ಲಿ ಅಂತಲೇ ಹೇಳೋದು. ನಾಚಿಕಿ ಪಟ್ಕೊಂಡು ನಿಂತ್ರ ತಲಿ ಒಡೀತೈತಿ. ಇದು ನೋಡು." ಕೂದಲು ಸರಿಸಿ ಕಿವಿಯ ಹಿಂದಿನ ಹಳೆಯ ಗಾಯದ ಗುರುತು ತೋರಿಸಿದಳು. "ನಾ ಸಾಲ್ಯಾಗ ನಾಚಿಕಿ ಪಟ್ಟಿದ್ನಿ. ಸಂಗಡ ಆಡೋ ಹುಡುಗ್ಯಾರಿಗೆಲ್ಲ ಹೇಳಿಡು. ಬಿದ್ರ ಏನ್ ಮಾಡ್ಬೇಕು, ಎದಿಮ್ಯಾಲ ಎಲ್ಲಿ ಒತ್ಬೇಕು, ಯಾರಿಗೆ ಫೋನ್ ಹಚ್ಬೇಕು. ಮುಚ್ಚಿಡಬ್ಯಾಡ. ಹ್ಞಾಂ, ಕುಂದ್ರು ನೋಡೋಣ."

ಚೈತ್ರಾ ಕಣ್ಣು ಒರೆಸಿಕೊಂಡು ಮೆಲ್ಲಗೆ ಕುಳಿತಳು.

"ಇಷ್ಟು ಸಾವಕಾಶ ಅಲ್ಲ. ಲಗೂನ. ಮತ್ತೊಮ್ಮೆ ಎದ್ದು ಕುಂದ್ರು."

ಎದ್ದು ಕುಳಿತಳು. ಖೋಖೋ ಆಡುವ ಹುಡುಗಿ, ಎರಡನೆಯ ಸಲಕ್ಕೆ ಸರಿಯಾಗಿಯೇ ಬಂತು. ಹುಲಿಗೆಮ್ಮ ತಲೆ ಎತ್ತಿ ನನ್ನನ್ನು ನೋಡಿದಳು.

"ಅಕ್ಕಾ, ನೀ ಯಾಕ ನಿಂತಿ? ನಿನಗೂ ಬರಲ್ಲ ಇದು. ಬಾ."

ನಾನೂ ಕುಳಿತೆ. ಅಷ್ಟರಲ್ಲಿ ಒಳಗಿನಿಂದ ನರ್ಸ್ ಓಡಿಬಂದು, "ಅಯ್ಯೋ, ಯಾರಿಗೇನಾತ್ರೀ?" ಎಂದು ಗಾಬರಿಯಾಗಿ ಕೇಳಿದಳು.

"ಯಾರಿಗೂ ಏನಾಗಿಲ್ಲವ್ವ," ಎಂದಳು ಹುಲಿಗೆಮ್ಮ. "ಕಲಿಸಾಕತ್ತೀನಿ."